ಕೊನೆಗೆ ಉದುರಿಸುವ ಉಪ್ಪು

ನಾನು ಅಡುಗೆಯವನು. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳ ಒಳಗೆ ಮದುವೆ, ಉಪನಯನ, ಗೃಹಪ್ರವೇಶ ಎಂದು ಕರೆದವರ ಮನೆಗೆ ಹೋಗಿ, ಹಿತ್ತಿಲಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತೇನೆ. ಉಂಡವರ ಎಲೆ ಎತ್ತಿದ ಮೇಲೆ ಪಾತ್ರೆಗಳನ್ನು ವ್ಯಾನಿಗೆ ಹಾಕಿಸಿ ಮನೆಗೆ ಬರುತ್ತೇನೆ. ಎಳೆ ಪ್ರಾಯದಲ್ಲಿ ಹಿಡಿದ ಸಟ್ಟುಗವನ್ನು ಇನ್ನೂ ಕೆಳಗಿಟ್ಟಿಲ್ಲ. ಜಾಲ್ಸೂರಿನಲ್ಲಿ ಕಾಸರಗೋಡಿನ ಕಡೆಗೆ ಬಸ್ಸು ತಿರುಗುವಲ್ಲಿ ಇಳಿದು ಸ್ವಲ್ಪ ನಡೆದರೆ ನಮ್ಮ ಮನೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ. ಮಗಳನ್ನು ಪುತ್ತೂರಿಗೆ ಕೊಟ್ಟಿದ್ದೇವೆ. ಅವಳು ಆಗಾಗ ಬಂದು ಇಬ್ಬರನ್ನೂ ಒಮ್ಮೆ ಚೆನ್ನಾಗಿ ಬೈದು ಹೋಗುತ್ತಾಳೆ.

ನಮ್ಮ ಕಡೆಯ ಸಮಾರಂಭದ ಅಡುಗೆಗೆ ಒಂದು ಕ್ರಮವಿದೆ. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯವನು ಯಾವುದನ್ನೂ ಬಾಯಿಗೆ ಹಾಕಿ ನೋಡುವಂತಿಲ್ಲ. ಹಾಗಾಗಿ ಉಪ್ಪು ಎಂಬುದು ನನಗೆ ನಾಲಿಗೆಯ ವಿಷಯವೇ ಆಗಿರಲಿಲ್ಲ, ಕೈಯ ವಿಷಯ. ಹುಳಿಯ ಪಾತ್ರೆಯ ಮುಂದೆ ನಿಂತರೆ ಎಷ್ಟು ಮುಷ್ಟಿ ಎಂದು ಕೈ ತಾನೇ ನಿರ್ಧರಿಸುತ್ತದೆ. ಕುದಿಯುವಾಗ ಮೇಲೆದ್ದು ಬರುವ ಪರಿಮಳದಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತದೆ ಎಂದರೆ ನಗುವವರಿದ್ದಾರೆ. ನಗಲಿ. ಇಷ್ಟು ವರ್ಷ ನಾನು ಹಾಗೆಯೇ ಅಡುಗೆ ಮಾಡಿದ್ದು, ಪಂಕ್ತಿಯಲ್ಲಿ ಕೂತವರು ಉಪ್ಪಿಗೆ ಕೈ ಚಾಚಿದ್ದು ಬಹಳ ಅಪರೂಪ.

ಕುಂಬ್ರದ ಹತ್ತಿರ ಒಂದು ಉಪನಯನದ ಮನೆಯಲ್ಲಿ ಮೇಲಾರ ಎಂಬ ಮಜ್ಜಿಗೆಹುಳಿಗೆ ಮಜ್ಜಿಗೆ ಸುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಒಲೆ, ಪಾತ್ರೆ, ಎದುರಿನ ಗೋಡೆ ಎಲ್ಲ ಒಂದು ಪಕ್ಕಕ್ಕೆ ವಾಲಿದಂತಾಯಿತು. ನನ್ನ ಜೊತೆ ಮೊದಲಿನಿಂದಲೂ ಕೆಲಸ ಮಾಡುವ ಗೆಳೆಯನೊಬ್ಬನಿದ್ದಾನೆ, ನನ್ನದೇ ಪ್ರಾಯದವನು, ಪಾಯಸದ ಕೈ ಅವನದು. ಅವನು ಓಡಿ ಬಂದು ಹಿಡಿದುಕೊಂಡ.

"ಎಂತಾಯ್ತು ಮಾರಾಯ? ಮುಖ ಎಲ್ಲ ಬೆವರಿದೆ!"

"ಎಂತ ಇಲ್ಲ. ಹೊಗೆ," ಎಂದೆ.

"ಹೊಗೆ ನಿನಗೆ ಹೊಸತಾ? ಕೂತ್ಕೊ ಅಲ್ಲಿ."

ಮನೆಯವರು ತಮ್ಮ ಕಾರಿನಲ್ಲೇ ಪುತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಮೃದುವಾಗಿ ಮಾತಾಡುವ ಹೆಂಗಸು. ತೋಳಿಗೆ ಪಟ್ಟಿ ಕಟ್ಟಿ ಒಮ್ಮೆ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿದರು. "ಬಿ.ಪಿ. ತುಂಬ ಉಂಟು. ಮೊದಲು ಯಾವಾಗ ನೋಡಿಸಿದ್ದು?" ಎಂದು ಕೇಳಿದರು. ನೋಡಿಸಿಯೇ ಇಲ್ಲ ಎಂದೆ. ಅವರು ಬೈಯಲಿಲ್ಲ. ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಬೇಕು, ಉಪ್ಪಿನಕಾಯಿ ಹಪ್ಪಳಗಳನ್ನು ಮರೆತುಬಿಡಿ ಎಂದರು. ಅಷ್ಟರಲ್ಲಿ ನನ್ನ ಹೆಂಡತಿಯೂ ಮಗಳೊಂದಿಗೆ ಬಂದು ಮುಟ್ಟಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಕಣ್ಣು ಮಿಟುಕಿಸದೆ ಕೇಳಿದಳು.

ಮಾರನೆಯ ದಿನ ನಮ್ಮ ಅಡುಗೆಮನೆ ಬೇರೆಯೇ ಆಗಿತ್ತು. ನಮ್ಮ ಕಡೆಯ ಮನೆಗಳಲ್ಲಿ ಮಳೆಗಾಲದ ಅರ್ಧ ಅಡುಗೆ ನಿಂತಿರುವುದೇ ಉಪ್ಪುನೀರಿನ ಮೇಲೆ. ಹಲಸಿನ ಸೊಳೆ, ಮಾವಿನಕಾಯಿ, ಕಣಿಲೆ ಎಂಬ ಎಳೆಬಿದಿರು ಎಲ್ಲ ಭರಣಿಯಲ್ಲಿ ಉಪ್ಪು ಕುಡಿದು ಕೂತಿರುತ್ತವೆ. ಆ ಭರಣಿಗಳೆಲ್ಲ ಮಗಳ ಮನೆಗೆ ಹೋದವು. ಕಲ್ಲುಪ್ಪು ತುಂಬಿದ ಮರದ ಮರಿಗೆ ಅಟ್ಟ ಹತ್ತಿತು. ಮಧ್ಯಾಹ್ನ ಊಟಕ್ಕೆ ಕೂತರೆ ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ಮಜ್ಜಿಗೆಗೂ ಇಲ್ಲ. ನೋಡಿದರೆ ಅವಳ ಬಟ್ಟಲಿನಲ್ಲೂ ಅದೇ ಸಾರು, ಅದೇ ಪಲ್ಯ.

"ನೀನ್ಯಾಕೆ ಇದನ್ನು ತಿನ್ನುದು? ನಿನಗೆ ಬಿ.ಪಿ. ಇಲ್ಲವಲ್ಲ?" ಎಂದೆ.

"ಎರಡೆರಡು ಪಾತ್ರೆಯಲ್ಲಿ ಮಾಡ್ಲಿಕ್ಕೆ ನನ್ನಿಂದಾಗ," ಎಂದಳು.

ಅವಳು ಹಾಗೆ ತಿನ್ನುವುದನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾಕೆಂದರೆ, ಎದುರು ಕೂತವಳು ಸುಮ್ಮನೆ ಉಣ್ಣುವಾಗ ನಾನು ಗೊಣಗುವಂತಿರಲಿಲ್ಲ. ತಿಂಗಳುಗಟ್ಟಲೆ ಹಾಗೇ ನಡೆಯಿತು. ನಾನು ಸಪೂರವಾದೆ. ತಲೆತಿರುಗು ನಿಂತಿತು. ಆದರೆ ಊಟದ ಹೊತ್ತು ಎಂದರೆ ಹಸಿವು ಅಡಗಿಸುವ ಕೆಲಸ, ಅಷ್ಟೆ. ಜನರಿಗೆ ಉಣಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ತನ್ನ ಊಟ ಬೇಡವಾದರೆ ಹೇಗಿರುತ್ತದೆ ಎಂದು ಬೇರೆಯವರಿಗೆ ವಿವರಿಸುವುದು ಕಷ್ಟ.

ಅದಕ್ಕಿಂತ ದೊಡ್ಡ ಕಷ್ಟ ಕೆಲಸದಲ್ಲಿ ಬಂತು. ನನ್ನ ಕೈ ಉಪ್ಪಿಗೆ ಹೆದರತೊಡಗಿತು. ಪಾತ್ರೆಯ ಮುಂದೆ ನಿಂತು ಮುಷ್ಟಿ ತುಂಬಿಕೊಂಡರೆ ಇಷ್ಟು ಉಪ್ಪಾ ಎನ್ನಿಸಿ ಅರ್ಧ ಹಿಂದಕ್ಕೆ ಸುರಿಯುತ್ತಿದ್ದೆ. ಒಂದು ಮದುವೆಯಲ್ಲಿ ಪಂಕ್ತಿಯ ಉದ್ದಕ್ಕೂ "ಇಲ್ಲಿಗೆ ಸ್ವಲ್ಪ ಉಪ್ಪು", "ಈಚೆಗೆ ಉಪ್ಪು ತನ್ನಿ" ಎಂಬ ಕೂಗು ಎದ್ದಿತು. ಬಡಿಸುವವನು ಉಪ್ಪಿನ ಬಟ್ಟಲು ಹಿಡಿದು ಓಡಾಡುವುದನ್ನು ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದೆ. ಮುಂದಿನ ಸಲ ಹುಳಿಗೆ ಉಪ್ಪು ಹಾಕುವ ಹೊತ್ತಿಗೆ ಗೆಳೆಯ ಪಾಯಸದ ಒಲೆ ಬಿಟ್ಟು ನನ್ನ ಪಕ್ಕ ಬಂದು ನಿಂತ. "ನಾನು ಹಾಕ್ತೇನೆ, ನೀನು ಒಗ್ಗರಣೆ ನೋಡು," ಎಂದ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ನಾನು ಉಪ್ಪು ಬಿಟ್ಟುಕೊಟ್ಟೆ.

ಹೀಗಿರುವಾಗ ಕಡಬದಿಂದ ನೆಲ್ಯಾಡಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮನೆಯಿಂದ ಕರೆ ಬಂತು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟು ನಿಂತ ಕ್ರಿಶ್ಚಿಯನ್ ಕುಟುಂಬ. ಮನೆಯ ಹಿರಿಯ ದಂಪತಿಯ ಮದುವೆಯ ಸುವರ್ಣ ವರ್ಷ. ನೆರೆಕರೆಯ ಸಸ್ಯಾಹಾರಿಗಳಿಗಾಗಿ ಬೇರೆ ಅಡುಗೆ ಆಗಬೇಕು, ಅದಕ್ಕೆ ಬೇರೆಯದೇ ಚಪ್ಪರ ಹಾಕಿಸಿದ್ದೇವೆ ಎಂದರು. ಕೆಲಸ ಸಣ್ಣದು. ಗೆಳೆಯ ಬೇರೆ ಕಡೆ ಹೋಗಿದ್ದ. ನಾನು ಬಡಿಸುವವರನ್ನು ಮಾತ್ರ ಕರೆದುಕೊಂಡು ಹೋದೆ.

ಹಿಂದಿನ ದಿನ ಸಾಯಂಕಾಲ ತರಕಾರಿ ಹೆಚ್ಚಲು ಕೂತಾಗ ಆ ಮನೆಯ ಮಗಳು ಬಂದಳು. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಬಹಳ ವರ್ಷಗಳಿಂದ ಇರುವವಳು, ಅಪ್ಪ ಅಮ್ಮನ ಸಮಾರಂಭಕ್ಕೆಂದು ರಜೆ ಹಾಕಿ ಬಂದಿದ್ದಳು. ಶಾಲೆಗೆ ಹೋದದ್ದು ಕಡಬದಲ್ಲೇ ಆದ್ದರಿಂದ ಅವಳ ಕನ್ನಡ ನಮ್ಮದರ ಹಾಗೇ ಇತ್ತು.

"ಅಣ್ಣ, ಒಂದು ಐಟಂ ನಾನು ಹೇಳಿದ ಹಾಗೆ ಮಾಡಿ ಕೊಡ್ತೀರಾ? ನಮ್ಮ ಅಪ್ಪಚ್ಚನಿಗೆ, ಅಪ್ಪನಿಗೆ, ಹಲ್ಲಿಲ್ಲ, ಮಸಾಲೆ ಆಗುದಿಲ್ಲ. ಬರೀ ತರಕಾರಿಯನ್ನು ಸುಡುದು. ಮತ್ತೆಂತ ಇಲ್ಲ."

"ಮಸಾಲೆ ಬೇಡವಾ? ತೆಂಗಿನಕಾಯಿ?"

"ಎಂತದೂ ಬೇಡ. ಸ್ವಲ್ಪ ಎಣ್ಣೆ ಮಾತ್ರ."

ಅತಿಥಿಗಳನ್ನು ಕರೆದ ಮನೆಯಲ್ಲಿ ಸುಟ್ಟ ತರಕಾರಿ ಬಡಿಸಿದರೆ ಜನ ನನ್ನನ್ನು ಏನೆಂದುಕೊಂಡಾರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಮನೆಯವರ ಮಾತು. ಸಿಹಿಗುಂಬಳ, ಗೆಣಸು, ಸುವರ್ಣಗೆಡ್ಡೆ, ಅವರದೇ ಹಿತ್ತಿಲಿನ, ಹಲಸಿನ ಜಾತಿಯ ಜೀಗುಜ್ಜೆ, ಕ್ಯಾರೆಟ್, ಬೀಟ್‌ರೂಟ್ ಇಷ್ಟನ್ನು ಅವಳು ಆರಿಸಿಟ್ಟಳು. ದೊಡ್ಡ ದೊಡ್ಡ ತುಂಡುಗಳಾಗಿ ಹೆಚ್ಚಿಸಿದಳು. "ಇಂಗ್ಲೆಂಡಿನಲ್ಲಿ ಓವನಿನ ಒಳಗೆ ಇಡುದು, ಇಲ್ಲಿ ಹೇಗೆ ಮಾಡುದೋ," ಎಂದಳು. ಅದಕ್ಕೆ ನನ್ನಲ್ಲಿ ದಾರಿಯಿತ್ತು. ಮಾರನೆಯ ದಿನ ತೆಂಗಿನ ಗೆರಟೆಯನ್ನು ಉರಿಸಿ ಕೆಂಡ ಮಾಡಿ, ಅದರ ಮೇಲೆ ಅಗಲದ ಕಬ್ಬಿಣದ ಬಾಣಲೆಯಿಟ್ಟು, ತೆಂಗಿನೆಣ್ಣೆ ಸವರಿದ ತರಕಾರಿಯನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿದೆ. ತಗಡಿನ ಮುಚ್ಚಳ ಮುಚ್ಚಿ ಅದರ ಮೇಲೂ ಕೆಂಡ ಹಾಕಿದೆ. ಸುವರ್ಣಗೆಡ್ಡೆ ಗಂಟಲು ತುರಿಸುವುದು ಬೇಡವೆಂದು ಅದನ್ನು ಮಾತ್ರ ಹುಣಸೆನೀರಿನಲ್ಲಿ ಮೊದಲೇ ಒಂದು ಕುದಿ ಬೇಯಿಸಿದ್ದೆ.

ಹರಡಿದ ಮೇಲೆ ಅಭ್ಯಾಸಬಲದಿಂದ ಕೈ ಉಪ್ಪಿನ ಪಾತ್ರೆಗೆ ಹೋಯಿತು. ಪಕ್ಕದಲ್ಲೇ ನಿಂತಿದ್ದ ಅವಳು, "ಉಪ್ಪು ಈಗ ಬೇಡ ಅಣ್ಣ, ಕೊನೆಗೆ," ಎಂದಳು.

"ಕೊನೆಗೆ ಹಾಕಿದರೆ ಅದು ಒಳಗೆ ಹೋಗುದು ಹೇಗೆ?"

"ಒಳಗೆ ಹೋಗುದು ಬೇಡ. ಮೇಲೆಯೇ ಇರ್ಲಿ."

ನನಗೆ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಉಪ್ಪಿಲ್ಲ, ಮದುವೆಯ ಹುಳಿಯಲ್ಲಿ ನನ್ನ ಉಪ್ಪು ಇನ್ನೊಬ್ಬನ ಕೈಗೆ ಹೋಯಿತು, ಈಗ ಇಲ್ಲಿಯೂ ಉಪ್ಪು ಬೇಡ. ಕೆಂಡ ಸರಿಮಾಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಗೆಣಸಿನ ಸಿಹಿ ಸೀಯುವ ವಾಸನೆ ಬಂತು. ಮುಚ್ಚಳ ತೆಗೆದರೆ ಕುಂಬಳದ ಅಂಚು ಕಪ್ಪಾಗಿ ಒಳಗೆ ಬೆಣ್ಣೆಯ ಹಾಗೆ ಮೆತ್ತಗಾಗಿದೆ, ಜೀಗುಜ್ಜೆಯ ಮೇಲೆ ಕಂದು ಚರ್ಮ ಕಟ್ಟಿದೆ. ಅವಳು ಒಂದು ಸಣ್ಣ ಡಬ್ಬಿ ತೆರೆದಳು. ಒಳಗಿದ್ದದ್ದು ಉಪ್ಪು ಎಂದು ನನಗೆ ಮೊದಲು ಅನ್ನಿಸಲಿಲ್ಲ. ತೆಳ್ಳಗಿನ, ಹೊಳೆಯುವ ಚಕ್ಕೆಗಳು. ಕೆಲವು ಸಣ್ಣ ಗೋಪುರದ ಹಾಗೆ, ಒಳಗೆ ಟೊಳ್ಳು. ಬೆರಳಲ್ಲಿ ಹಿಡಿದು ಹಿಚುಕಿದಳು, ಚುರ್ ಎಂದು ಪುಡಿಯಾಯಿತು. ಎತ್ತರದಿಂದ ಕೈಯಾಡಿಸುತ್ತ ಉದುರಿಸಿದಳು. ಆಮೇಲೆ ಕುಂಬಳದ ಒಂದು ತುಂಡನ್ನು ಎಲೆಯಲ್ಲಿಟ್ಟು ನನ್ನ ಮುಂದೆ ಹಿಡಿದಳು.

"ನಾನು ಅಡುಗೆ ಮಾಡುವಾಗ ತಿನ್ನುದಿಲ್ಲ," ಎಂದೆ.

"ಇದು ಅಡುಗೆ ಆಯ್ತಲ್ಲ ಅಣ್ಣ. ನೋಡಿ ಒಮ್ಮೆ."

ತಿಂದೆ. ಮೊದಲು ಹಲ್ಲಿಗೆ ಏನೋ ಗರಿಗರಿಯಾಗಿ ಸಿಕ್ಕಿ ಒಡೆಯಿತು. ಒಡೆದಲ್ಲಿ ಮಾತ್ರ ಉಪ್ಪು, ನಾಲಿಗೆಯ ತುದಿಯಲ್ಲಿ, ಸ್ಪಷ್ಟವಾಗಿ. ಅದು ಕರಗಿ ಹೋಗುತ್ತಿದ್ದಂತೆ ಹಿಂದಿನಿಂದ ಕುಂಬಳದ ಸಿಹಿ ಬಂತು. ಅಷ್ಟು ಸಿಹಿ ಅದರೊಳಗೆ ಇದೆಯೆಂದು ಇಷ್ಟು ವರ್ಷ ಕುಂಬಳ ಬೇಯಿಸಿದ ನನಗೆ ಗೊತ್ತಿರಲಿಲ್ಲ. ಇನ್ನೊಂದು ಕಡೆ ಜಗಿದರೆ ಅಲ್ಲಿ ಉಪ್ಪೇ ಇಲ್ಲ, ಬರೀ ಕುಂಬಳ, ಸುಟ್ಟ ಅಂಚಿನ ಚೂರು ಕಹಿ. ಮತ್ತೆ ಒಂದು ಚಕ್ಕೆ ಸಿಕ್ಕಿತು. ಎಷ್ಟೋ ತಿಂಗಳ ನಂತರ ನನ್ನ ಬಾಯಿಯಲ್ಲಿ ನೀರೂರಿತು. ಕಣ್ಣಲ್ಲೂ ಸ್ವಲ್ಪ ಊರಿರಬೇಕು. ಅವಳು ಗಾಬರಿಯಾಗಿ, "ಎಂತ ಅಣ್ಣ, ಬಿಸಿಯಾಯ್ತಾ?" ಎಂದು ಕೇಳಿದಳು.

ಬಿ.ಪಿ.ಯ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಅವಳು ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತು ಕೇಳಿದಳು. ಕೇಳಿ ಮುಗಿದ ಮೇಲೆ ನರ್ಸ್ ಆಗಿ ಮಾತಾಡಿದಳು. "ಇದು ಔಷಧ ಅಂತ ತಿಳ್ಕೊಬೇಡಿ. ಉಪ್ಪು ಉಪ್ಪೇ. ಆದರೆ ಇದು ಮೇಲೆಯೇ ಇರ್ತದೆ, ನಾಲಿಗೆಗೆ ಕೂಡಲೇ ಸಿಗ್ತದೆ, ಹಾಗಾಗಿ ಸ್ವಲ್ಪ ಸಾಕಾಗ್ತದೆ. ನಿಮ್ಮ ಡಾಕ್ಟರನ್ನು ಕೇಳಿಯೇ ತಿನ್ನಿ. ಮಾತ್ರೆ ಬಿಡ್ಬಾರ್ದು." ಆ ದಿನ ಹಲ್ಲಿಲ್ಲದ ಅಪ್ಪಚ್ಚ ಜೀಗುಜ್ಜೆಯನ್ನು ಎರಡು ಸಲ ಹಾಕಿಸಿಕೊಂಡರು. ನಮ್ಮ ಚಪ್ಪರದಲ್ಲಿ ಕೂತವರಲ್ಲಿ ಕೆಲವರು ತಿಂದರು, ಕೆಲವರು ಸುಟ್ಟಿದ್ದನ್ನು ನೋಡಿ ಪಕ್ಕಕ್ಕೆ ಸರಿಸಿದರು. ಹೊರಡುವಾಗ ಅವಳು ಡಬ್ಬಿಯಲ್ಲಿ ಉಳಿದದ್ದನ್ನು ಒಂದು ಕಾಗದದಲ್ಲಿ ಕಟ್ಟಿ ನನ್ನ ಕೈಯಲ್ಲಿಟ್ಟಳು.

ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಹೆಂಡತಿ ದೂರದಿಂದಲೇ ನೋಡಿದಳು. "ಎಂತದದು?"

"ಉಪ್ಪು."

"ನೀವು ಉಪ್ಪು ಹೊತ್ತುಕೊಂಡು ಬಂದದ್ದಾ? ಕಡಬದಿಂದ?"

ಅವಳು ಅದನ್ನು ಕಸಿದುಕೊಂಡು ಮೇಲಿನ ಶೆಲ್ಫಿನಲ್ಲಿಟ್ಟಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು, ನಂಬಲಿಲ್ಲ. ಮುಂದಿನ ಸಲ ಪುತ್ತೂರಿಗೆ ಹೋದಾಗ ಅದೇ ಪೊಟ್ಟಣವನ್ನು ಚೀಲದಲ್ಲಿ ತಂದು ಡಾಕ್ಟರ ಮೇಜಿನ ಮೇಲಿಟ್ಟು, "ಇದನ್ನು ಇವರಿಗೆ ಕೊಡಬಹುದಾ?" ಎಂದು ಕೇಳಿದಳು. ಡಾಕ್ಟರು ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮನೆಯಲ್ಲಿ ಈಗ ಎಷ್ಟು ಉಪ್ಪು ಹಾಕುತ್ತೀರಿ ಎಂದು ವಿಚಾರಿಸಿದರು. ಹಾಕುವುದೇ ಇಲ್ಲ ಎಂದಳು ಇವಳು.

ಡಾಕ್ಟರು ಕನ್ನಡಕ ತೆಗೆದು ನಕ್ಕುಬಿಟ್ಟರು. "ಅಮ್ಮ, ಕಡಿಮೆ ಮಾಡಿ ಅಂತ ಹೇಳಿದ್ದು ನಾನು. ಪೂರ್ತಿ ಬಿಡ್ಲಿಕ್ಕೆ ಹೇಳಲಿಲ್ಲ!"

ಹೆಂಡತಿ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು, ಹೆಗಲು ಕುಣಿಯುತ್ತಿತ್ತು. "ನಾನೂ ಸುಮ್ಮನೆ ಸಪ್ಪೆ ತಿಂದೆ ಮಾರಾಯ್ರೆ," ಎಂದಳು ಕೊನೆಗೆ. ಅಷ್ಟು ದಿನ ಅವಳ ಒಳಗೆ ಎಷ್ಟು ಹೆದರಿಕೆ ಕೂತಿತ್ತು ಎಂದು ಆ ನಗುವಿನಿಂದಲೇ ನನಗೆ ಗೊತ್ತಾದದ್ದು.

ಅಂದಿನಿಂದ ನಮ್ಮ ಸಾಯಂಕಾಲಗಳು ಬದಲಾದವು. ಸ್ನಾನದ ನೀರು ಕಾಯಿಸುವ ಬಚ್ಚಲೊಲೆಯಲ್ಲಿ ಕೆಂಡ ಹೇಗೂ ಇರುತ್ತದೆ. ಅದರಲ್ಲಿ ಗೆಣಸೋ ಬಾಳೆಕಾಯಿಯೋ ಬದನೆಯೋ ಹುಗಿದಿಟ್ಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೆಂದಿರುತ್ತಿತ್ತು. ಬೂದಿ ಕೊಡವಿ, ಸಿಪ್ಪೆ ಸುಲಿದು, ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಜಗಲಿಗೆ ತಂದಿಡುವುದು ನನ್ನ ಕೆಲಸ. ಉಪ್ಪು ಉದುರಿಸುವುದು ಅವಳ ಕೆಲಸ. ಆ ಅಧಿಕಾರವನ್ನು ಅವಳು ನನಗೆ ಕೊಡಲಿಲ್ಲ. ಎರಡು ಬೆರಳಿನಲ್ಲಿ ಚಕ್ಕೆಗಳನ್ನು ಎಣಿಸಿದ ಹಾಗೆ ಹಾಕುತ್ತಿದ್ದಳು. ಬದನೆಕಾಯಿಗೆ ಅದು ಬೇಗ ಕರಗುತ್ತದೆ, ಬಾಯಿಗಿಡುವ ಕ್ಷಣಕ್ಕೆ ಹಾಕಬೇಕು. ಗೆಣಸಿನ ಮೇಲಾದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂಬುದೆಲ್ಲ ನಮಗೆ ಹೀಗೆ ತಿಂದು ತಿಂದೇ ತಿಳಿಯಿತು. ಒಂದು ದಿನ ಅವಳೇ ಹೇಳಿದಳು, "ನಮ್ಮ ಎಲೆಯ ತುದಿಗೆ ಮೊದಲು ಉಪ್ಪು ಬಡಿಸುದು ಮತ್ತೆಂತಕ್ಕೆ? ಬೇಕಾದವರು ಬೇಕಾದಲ್ಲಿಗೆ ಮುಟ್ಟಿಸಿಕೊಂಡು ತಿನ್ಲಿ ಅಂತಲ್ವಾ?" ಅದು ಸರಿ ಎನ್ನಿಸಿತು. ಅಷ್ಟು ಪಂಕ್ತಿಗಳಿಗೆ ಉಪ್ಪು ಬಡಿಸಿಸಿದ ನಾನು ಅದನ್ನು ಶಾಸ್ತ್ರ ಎಂದು ಮಾತ್ರ ತಿಳಿದಿದ್ದೆ.

ಮಳೆಗಾಲ ಬಂದಾಗ ಪೊಟ್ಟಣದಲ್ಲಿ ಉಳಿದ ಸ್ವಲ್ಪ ಉಪ್ಪು ಗಾಳಿಯ ತೇವಕ್ಕೆ ಬೆವರಿ ನೀರಾಯಿತು. ಅಂಗಡಿಯಲ್ಲಿ ಅಂಥದ್ದು ಸಿಗುತ್ತದೋ ಎಂದು ಸುಳ್ಯದಲ್ಲಿ ಕೇಳಿದೆ. ಅಂಗಡಿಯವನು ಕಲ್ಲುಪ್ಪು ತೋರಿಸಿದ, ಪುಡಿ ಉಪ್ಪು ತೋರಿಸಿದ, ಕೆಂಪು ಬಣ್ಣದ ಉಪ್ಪೊಂದನ್ನು ತೋರಿಸಿದ. ಚಕ್ಕೆ ಉಪ್ಪು ಇರಲಿಲ್ಲ. ಮಗಳು ಫೋನಿನಲ್ಲಿ ತರಿಸಿಕೊಡುತ್ತೇನೆ ಎಂದಳು. ಬೇಡ ಎಂದೆ. ಅದನ್ನು ನಾನೇ ಮಾಡಿದರೇನು ಎಂಬ ಹುಳ ಅಷ್ಟರಲ್ಲಿ ತಲೆ ಹೊಕ್ಕಿತ್ತು.

ಚಳಿಗಾಲದಲ್ಲಿ, ಸಮಾರಂಭಗಳಿಲ್ಲದ ಒಂದು ವಾರ, ಕಲ್ಲುಪ್ಪನ್ನು ನೀರಿನಲ್ಲಿ ಕರಗಿಸಿ ಒಲೆಯ ಮೇಲಿಟ್ಟು ಕುದಿಸಿದೆ. ಬೆಲ್ಲದ ಪಾಕ ಹಿಡಿಯುವವನಿಗೆ ಇದೆಂಥ ದೊಡ್ಡ ಕೆಲಸ ಎಂಬ ಧೈರ್ಯ. ನೀರು ಕುದಿದು ಕುದಿದು ಇಂಗಿತು. ತಳದಲ್ಲಿ ಬೂದು ಬಣ್ಣದ ಗಟ್ಟಿ ಹೆಕ್ಕಳೆ ಉಳಿಯಿತು. ಕೆರೆದರೆ ಪಾತ್ರೆಯೇ ಕಿರುಗುಟ್ಟಿತು. ಬಾಯಿಗೆ ಹಾಕಿದರೆ ಕಹಿ. ಇನ್ನೊಮ್ಮೆ ಮಾಡಿದೆ, ಪುಡಿಯಾಯಿತು. ಮತ್ತೊಮ್ಮೆ ಮಾಡುವಾಗ ಉಪ್ಪುನೀರು ಸಿಡಿದು ಅಡುಗೆಮನೆಯ ಗೋಡೆಗೆಲ್ಲ ಹಾರಿತು.

ಹೆಂಡತಿ ಗೋಡೆ ಒರೆಸುತ್ತ, "ನೀವು ನೂರು ಜನರ ಹುಳಿ ಕುದಿಸಿದ ಹಾಗೆ ಕುದಿಸ್ತೀರಿ. ಅದಕ್ಕೆ ಅವಸರ ಆಗುದಿಲ್ಲ ಅಂತ ಕಾಣ್ತದೆ. ನಾನೊಮ್ಮೆ ನೋಡ್ತೇನೆ, ನೀವು ಹೊರಗೆ ಹೋಗಿ," ಎಂದಳು.

ಅವಳು ಉಪ್ಪುನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದಳು. ಸೋಸಿದ ಬಟ್ಟೆಯಲ್ಲಿ ಮಣ್ಣು ಕಂಡು ಇಬ್ಬರಿಗೂ ಆಶ್ಚರ್ಯವಾಯಿತು. ತಿಳಿಯಾದ ನೀರನ್ನು ಸ್ವಲ್ಪ ಮಟ್ಟಿಗೆ ಕುದಿಸಿ ಗಟ್ಟಿ ಮಾಡಿ, ಅಗಲವಾದ ಸ್ಟೀಲಿನ ಹರಿವಾಣಕ್ಕೆ ಹೊಯ್ದು, ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಅಲ್ಲಿ ಕೈಯಿಟ್ಟರೆ ಹಿತವಾಗುವಷ್ಟೇ ಬಿಸಿ. ಮೇಲೆ ಬೂದಿ ಹಾರದ ಹಾಗೆ ತೆಳ್ಳಗಿನ ಬಟ್ಟೆ. ಮುಟ್ಟಬಾರದು, ಅಲುಗಿಸಬಾರದು, ಇಣುಕಬಾರದು ಎಂದು ನನಗೆ ಆಜ್ಞೆ ಮಾಡಿ ಅವಳು ಬಟ್ಟೆ ಒಗೆಯಲು ಹೋದಳು. ಮಧ್ಯಾಹ್ನ ದಾಟಿದ ಮೇಲೆ ಬಚ್ಚಲಿನಿಂದ ಕೂಗಿದಳು.

"ಬನ್ನಿ ಇಲ್ಲಿ ಮಾರಾಯ್ರೆ! ಬೇಗ! ಮೆಲ್ಲ ಬನ್ನಿ, ನೆಲ ಅಲುಗಿಸಬೇಡಿ!"

ಬೇಗವೂ ಮೆಲ್ಲಗೂ ಹೇಗೆ ಬರುವುದೋ ಹಾಗೆ ಹೋದೆ. ಹರಿವಾಣದ ನೀರಿನ ಮೇಲೆ ಸಣ್ಣ ಚೌಕಗಳು ತೇಲುತ್ತಿದ್ದವು. ಒಂದೊಂದರ ನಡುವೆ ಗುಳಿ, ಸುತ್ತ ಮೆಟ್ಟಿಲು ಮೆಟ್ಟಿಲಾದ ಅಂಚು, ತಲೆಕೆಳಗಾಗಿ ತೇಲುವ ಗೋಪುರಗಳ ಹಾಗೆ. ನಾವು ನೋಡುತ್ತಿದ್ದಂತೆ ಒಂದು ಭಾರ ತಾಳಲಾರದೆ ನಿಧಾನಕ್ಕೆ ತಳಕ್ಕೆ ಇಳಿಯಿತು. ಅದರ ಜಾಗಕ್ಕೆ ಬೇರೆಲ್ಲಿಂದಲೋ ಚುಕ್ಕೆಯಂಥದ್ದು ಬಂದು ನಿಂತಿತು. ಇಬ್ಬರೂ ಬಗ್ಗಿ ಉಸಿರು ಬಿಗಿಹಿಡಿದು ನೋಡುತ್ತ ಕೂತೆವು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವು ಹಾಗೆ ಪಕ್ಕಪಕ್ಕ ಕೂತು ಒಂದೇ ವಸ್ತುವನ್ನು ಅಷ್ಟು ಹೊತ್ತು ನೋಡಿದ್ದು ನೆನಪಿಲ್ಲ.

ಆಮೇಲೆ ಚಹಾ ಸೋಸುವ ಜಾಲರಿಯಲ್ಲಿ ಅವಳು ಅವನ್ನು ಎತ್ತಿ ಎತ್ತಿ ಬಟ್ಟೆಯ ಮೇಲೆ ಹರಡಿದಳು. ಕೊನೆಯಲ್ಲಿ ಉಳಿದ ಸ್ವಲ್ಪ ನೀರನ್ನು ಪೂರ್ತಿ ಆರಿಸದೆ ಚೆಲ್ಲಿದೆವು. ಕಹಿ ಇದ್ದದ್ದು ಅದರಲ್ಲೇ ಎಂದು ಬೆರಳದ್ದಿ ನೋಡಿದಾಗ ಗೊತ್ತಾಯಿತು. ಬಿಸಿಲಿಗೆ ಒಣಗಿದ ಚಕ್ಕೆಗಳು ಕಡಬದ ಉಪ್ಪಿನಷ್ಟು ದೊಡ್ಡದಾಗಿರಲಿಲ್ಲ, ಅಷ್ಟು ತೆಳ್ಳಗೂ ಇರಲಿಲ್ಲ. ಆದರೆ ಹಿಚುಕಿದರೆ ಚುರ್ ಎನ್ನುತ್ತಿದ್ದವು. ಅಂದು ಸಂಜೆ ಕೆಂಡದಲ್ಲಿ ಬಾಳೆಕಾಯಿ ಸುಟ್ಟು ತಿಂದೆವು. ಅವಳು ಎಂದಿಗಿಂತ ಒಂದು ಚಿಟಿಕೆ ಧಾರಾಳವಾದಳು. ನಾನು ಗಮನಿಸದವನ ಹಾಗೆ ತಿಂದೆ.

ಇದನ್ನು ಒಮ್ಮೆ ಪಂಕ್ತಿಗೆ ಬಡಿಸಬೇಕು ಎಂಬ ಆಸೆ ಅಲ್ಲಿಂದ ಶುರುವಾಯಿತು. ಗೆಳೆಯನಿಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ. "ಮದುವೆಮನೆಯಲ್ಲಿ ಸುಟ್ಟ ಗೆಣಸಾ? ನಾಳೆಯಿಂದ ನಮ್ಮನ್ನು ಯಾರು ಕರೆಯುದು?" ಆದರೂ ಸುಳ್ಯದ ಒಂದು ಗೃಹಪ್ರವೇಶಕ್ಕೆ ಅವಕಾಶ ಬಂತು. ಮನೆಯ ಯಜಮಾನತಿಗೂ ಬಿ.ಪಿ. ಇತ್ತು. ಊಟದ ವಿಷಯ ಮಾತಾಡಲು ಹೋದಾಗ ನಾನು ನನ್ನ ಕಥೆ ಹೇಳಿದೆ. ಅವರು ಕೂಡಲೇ ಒಪ್ಪಿದರು. "ಒಂದು ಪಲ್ಯದ ಬದಲು ಅದೇ ಇರ್ಲಿ. ಜನ ಎಂತ ಹೇಳಿದರೂ ನಾನು ಜವಾಬ್ದಾರಿ," ಎಂದರು. ಹೆಂಡತಿಯನ್ನೂ ಕರೆದರು. ನನ್ನ ಅಡುಗೆಯ ಪಂಕ್ತಿಯಲ್ಲಿ ಅವಳು ಕೂತದ್ದು ಬಹಳ ಕಡಿಮೆ. ಅವಳು ಹೊಸ ಸೀರೆಯುಟ್ಟು ಬಂದಳು, ಕೈಚೀಲದಲ್ಲಿ ಉಪ್ಪಿನ ಬಾಟಲಿ.

ಆ ದಿನ ಬೆಳಿಗ್ಗೆ ಹುಳಿಯ ಪಾತ್ರೆಯ ಮುಂದೆ ನಿಂತಾಗ ಗೆಳೆಯ ಎಂದಿನಂತೆ ಪಕ್ಕಕ್ಕೆ ಬಂದ. "ನಾನು ಹಾಕ್ತೇನೆ," ಎಂದೆ. ಅವನು ಪಾಯಸದ ಒಲೆಗೆ ಹೋದ. ಮುಷ್ಟಿ ತುಂಬಿಕೊಂಡೆ. ಹಿಂದಕ್ಕೆ ಸುರಿಯಲಿಲ್ಲ. ಇದು ನನ್ನ ಊಟವಲ್ಲ, ಜನರ ಊಟ, ಎರಡೂ ಬೇರೆ ಎಂದು ಕೈಗೆ ಕೊನೆಗೂ ಅರ್ಥವಾಗಿತ್ತು.

ಪಂಕ್ತಿ ಕೂತಿತು. ಸುಟ್ಟ ಕುಂಬಳ, ಗೆಣಸು, ಸುವರ್ಣಗೆಡ್ಡೆಗಳನ್ನು ಬಡಿಸುವವನು ಎಲೆಗೆ ಹಾಕುತ್ತ ಮುಂದೆ ಹೋದ. ಹಿಂದಿನಿಂದ ನಾನು ಬಟ್ಟಲು ಹಿಡಿದು ಉಪ್ಪು ಹಿಚುಕಿ ಉದುರಿಸುತ್ತ ಹೋದೆ. ಎಂದೂ ಬಡಿಸಲು ಹೊರಗೆ ಬರದ ಅಡುಗೆಯವನು ಪಂಕ್ತಿಯಲ್ಲಿ ಕಂಡದ್ದೇ ಜನರಿಗೆ ತಮಾಷೆ. "ಇದೆಂತ ಮಾರಾಯ್ರೆ, ಅಂಚು ಕರಟಿದೆಯಲ್ಲ?" ಎಂದು ಒಬ್ಬರು ಕೇಳಿದರು. "ಹಾಗೆಯೇ ಇರುದು. ತಿಂದು ನೋಡಿ," ಎಂದೆ. ಅವರ ಆಚೆ ಕೂತಿದ್ದ ಹಿರಿಯರೊಬ್ಬರು ಆಗಲೇ ಬಾಯಿಗೆ ಹಾಕಿದ್ದರು. ಅವರು ಜಗಿಯುವುದನ್ನು ನಿಲ್ಲಿಸಿ, ಇನ್ನೊಮ್ಮೆ ಜಗಿದು, "ಓಯ್, ಆ ಕುಂಬಳ ಇಲ್ಲಿಗೆ ಇನ್ನೊಮ್ಮೆ ಬರ್ಲಿ!" ಎಂದು ಕೂಗಿದರು. ಎಲ್ಲರೂ ಹಾಗೆ ಕೂಗಲಿಲ್ಲ. ಕೆಲವರ ಎಲೆಯಲ್ಲಿ ಅದು ಹಾಗೇ ಉಳಿಯಿತು. ಹೋಳಿಗೆ ಬಂದ ಮೇಲೆ ಯಾರಿಗೂ ಬೇರೆ ಯಾವುದರ ನೆನಪೂ ಇರಲಿಲ್ಲ, ಅದು ನ್ಯಾಯವೇ.

ಹೆಂಡತಿಯ ಎಲೆಯ ಮುಂದೆ ಬಂದಾಗ ಅವಳು ಎಲ್ಲರ ಹಾಗೆಯೇ ಕೈ ಅಡ್ಡ ಹಿಡಿದು, "ಸಾಕು, ಸಾಕು," ಎಂದಳು. ನಾನು ಎರಡು ಬೆರಳಿನಲ್ಲಿ ಎಣಿಸಿದ ಹಾಗೆ ಚಕ್ಕೆ ಹಾಕಿದೆ. ಅವಳು ತಲೆಯೆತ್ತಿ, ಪಕ್ಕದವರಿಗೆ ಕೇಳುವ ಹಾಗೆ, "ಎಂತಾ ಪಿಟ್ಟಾಸಿ ಅಡುಗೆಯವರಪ್ಪ ಇವರು! ಉಪ್ಪಿಗೂ ಜಿಪುಣತನ!" ಎಂದಳು. ಆ ಸಾಲಿನ ಹೆಂಗಸರೆಲ್ಲ ನಕ್ಕರು.

ಎಲ್ಲರ ಊಟ ಮುಗಿದು, ಎಲೆ ಎತ್ತಿ, ನಾವು ಅಡುಗೆಯವರು ಹಿತ್ತಿಲಿನಲ್ಲಿ ಉಣ್ಣಲು ಕೂತೆವು. ಬಾಣಲೆಯ ಅಂಚಿಗೆ ಅಂಟಿಕೊಂಡು ಕುಂಬಳದ ಒಂದೆರಡು ತುಂಡು ಉಳಿದಿತ್ತು. ಉಪ್ಪಿನ ಬಟ್ಟಲು ಖಾಲಿ. ಗೆಳೆಯ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಸಪ್ಪೆ," ಎಂದ. ನಾನೂ ಒಂದು ತಿಂದೆ. ತಣ್ಣಗಾಗಿತ್ತು, ಸುಟ್ಟ ಅಂಚು ಮೆತ್ತಗಾಗಿತ್ತು. ಆದರೂ ಅದರ ಸಿಹಿ ನನಗೆ ಚೆನ್ನಾಗಿಯೇ ಸಿಕ್ಕಿತು. ಉಳಿದ ಇನ್ನೊಂದು ತುಂಡನ್ನೂ ಎತ್ತಿಕೊಂಡೆ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ವ್ಯಾನು ಬಂದಾಯ್ತು. ಇನ್ನೂ ಉಂಡು ಆಗಲಿಲ್ಲವಾ?"

ಬಾಯಿ ತುಂಬಿತ್ತು. ಒಂದು ನಿಮಿಷ ಎಂದು ಕೈ ತೋರಿಸಿದೆ. ಅವಳು ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದಲ್ಲಿದ್ದ ಮಣೆ ಎಳೆದು, ನನ್ನ ಊಟ ಮುಗಿಯುವವರೆಗೆ ಅಲ್ಲೇ ಕೂತಳು.